ಪಾದ್ರಿ ಸಾಬರ ಕಂಬಳಿ: ಹುಬ್ಬಳ್ಳಿಯಿಂದ ಮೆಡ್ಲೇರಿಗೆ ನಾಲ್ಕು ದಿನ

ಮೊದಲ ದಿನ: ರವಿವಾರ, ನವೆಂಬರ್ 2, ಹುಬ್ಬಳ್ಳಿ

ದೊಡ್ಡಪ್ಪನಿಗೆ ನಾನು ಹೇಳಿದ್ದು ಸಂಜೆ ಆರಕ್ಕೆ. ಐದೂವರೆಗೆ ಧಾರವಾಡದಿಂದ ಬಂದು ಗಾಡಿ ನಿಲ್ಲಿಸಿದರೆ ಅವರಾಗಲೇ ಚರ್ಚಿನ ಗೇಟಿನ ಹೊರಗೆ ಕೋಲು ಊರಿಕೊಂಡು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಎದೆ ಮೇಲೆ ಪದಕಗಳು. ಎಪ್ಪತ್ತಾರು ವಯಸ್ಸಾದರೂ ಬೆನ್ನು ಬಾಗಿಲ್ಲ, ಎಡಗಾಲು ಮಾತ್ರ ಸ್ವಲ್ಪ ಎಳೆಯುತ್ತದೆ.

"ಒಳಗ ಹೋಗಿ ಕೂಡಬೇಕಿತ್ತು ದೊಡ್ಡಪ್ಪ" ಅಂದೆ.

"ನೀ ಬರ್ಲಿ ಅಂತ ನಿಂತೆ ತಂಗಿ. ಏನ್ ಕೆಲಸ ಅಂತ ಕೇಳಿದ್ರ ಏನ್ ಹೇಳ್ಲಿ?"

ಏನು ಕೆಲಸ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೋದ ವರ್ಷ ದೊಡ್ಡಪ್ಪನಿಗೆ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ರಾತ್ರಿ ಕಾಯಲು ನಾನಿದ್ದೆ. ಎರಡನೇ ರಾತ್ರಿ ಅವರು ಕತ್ತಲಲ್ಲಿ ಸುಮ್ನೆ ಮಾತಾಡಲು ಶುರು ಮಾಡಿದರು. ಐವತ್ತು ವರ್ಷದಿಂದ ಮನೆಯಲ್ಲಿ ಯಾರಿಗೂ ಹೇಳದ ಮಾತು.

1971ರ ಡಿಸೆಂಬರ್. ಪಶ್ಚಿಮ ಗಡಿ, ಶಕರ್‌ಗಢದ ಕಡೆ. ದೊಡ್ಡಪ್ಪ ಮದ್ರಾಸ್ ರೆಜಿಮೆಂಟಿನ ಜವಾನ, ಇಪ್ಪತ್ತೆರಡರ ಹುಡುಗ. ಶೆಲ್ಲಿನ ಚೂರು ಎಡತೊಡೆಗೆ ಹೊಕ್ಕಿತು. ಗಾಯಾಳುಗಳನ್ನು ಹಿಂದಕ್ಕೆ ಒಯ್ಯುವ ಗಾಡಿ ಬೆಳಗಿನ ತನಕ ಬರುವ ಹಾಗಿರಲಿಲ್ಲ. ನೆಲದಲ್ಲಿ ತೋಡಿದ ಕುಣಿಯಲ್ಲಿ ಸಾಲಾಗಿ ಮಲಗಿಸಿದ್ದರು. ಚಳಿ ಅಂದರೆ ಹಲ್ಲು ಹಲ್ಲು ಕಡಿಯುವ ಚಳಿ. ಆಗ ಪಲ್ಟನ್ನಿನ ಪಾದ್ರಿ ಬಂದು ಪಕ್ಕದಲ್ಲಿ ಕೂತರಂತೆ. ಜವಾನರೆಲ್ಲ ಅವರನ್ನು ಕರೆಯುತ್ತಿದ್ದದ್ದು 'ಪಾದ್ರಿ ಸಾಬ್' ಅಂತ. ತಮ್ಮ ಮೈ ಮೇಲಿದ್ದ ಕಂಬಳಿ ತೆಗೆದು ದೊಡ್ಡಪ್ಪನಿಗೆ ಹೊದಿಸಿದರು. ನಿದ್ದೆ ಹೋಗಲು ಬಿಡಬೇಡಿ ಅಂತ ಡಾಕ್ಟರ್ ಹೇಳಿ ಹೋಗಿದ್ದರು.

"ನಾನು ನಿಮ್ಮ ಧರ್ಮದವನಲ್ಲ ಸಾಬ್" ಅಂದರಂತೆ ದೊಡ್ಡಪ್ಪ.

ಪಾದ್ರಿ ಅರ್ಧ ತಮಿಳು ಅರ್ಧ ಹಿಂದಿಯಲ್ಲಿ ಹೇಳಿದರಂತೆ, "ನಿನಗೆ ಏನು ಬರುತ್ತೋ ಅದನ್ನೇ ಹೇಳು. ನೀ ಹೇಳು, ನಾ ಎಣಿಸ್ತೀನಿ."

ದೊಡ್ಡಪ್ಪ ಓಂ ನಮಃ ಶಿವಾಯ ಅಂದರು. ಪಾದ್ರಿ ಕೊರಳಿನ ಜಪಸರ ತೆಗೆದು ಒಂದು ಮಣಿ ಸರಿಸಿದರು. ಮತ್ತೆ ಅಂದರು, ಮತ್ತೆ ಒಂದು ಮಣಿ. ಬಾಯಿ ನಿಂತರೆ ಪಾದ್ರಿ ಭುಜ ಅಲುಗಾಡಿಸುತ್ತಿದ್ದರು. ಹೀಗೇ ಬೆಳಗಾಯಿತು. ಗಾಡಿ ಬಂತು, ದೊಡ್ಡಪ್ಪನನ್ನು ಕಂಬಳಿ ಸಮೇತ ಎತ್ತಿ ಹಾಕಿದರು. ಪಾದ್ರಿ ಸಾಬ್ ಇನ್ನೊಂದು ಕಂಪನಿಯ ಕಡೆ ನಡೆದು ಹೋದರು. ಆಮೇಲೆ ದೊಡ್ಡಪ್ಪ ಅವರನ್ನು ನೋಡಲೇ ಇಲ್ಲ. ಹೆಸರೂ ಗೊತ್ತಿಲ್ಲ. ಎರಡು ಸಲ ಒಂದು ಕಚೇರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಕಂಬಳಿ ಮಾತ್ರ ಮನೆಯಲ್ಲಿ ಬಹಳ ವರ್ಷ ಇತ್ತು, ನುಸಿ ತಿಂದು ಹೋಯಿತು.

"ಒಂದು ಕಂಬಳಿ ತಿರುಗಿ ಕೊಡೋದು ಐತಿ" ಅನ್ನುತ್ತಿದ್ದರು ಆಸ್ಪತ್ರೆಯಿಂದ ಬಂದ ಮೇಲೆ. ಹತ್ತು ಸಲ ಅಂದರು. ಹಾಗಾಗಿ ಈ ಪ್ರವಾಸ.

ನಾವು ಚರ್ಚಿಗೆ ಹೋದ ಆ ರವಿವಾರ ಕಥೋಲಿಕರಿಗೆ ಸಕಲ ಮೃತರ ಸ್ಮರಣೆಯ ದಿನ. ಹುಬ್ಬಳ್ಳಿಯಲ್ಲಿ ಕಥೋಲಿಕರು ಜಾಸ್ತಿಯಾದದ್ದು 1880ರ ದಶಕದ ನಂತರ, ರೈಲ್ವೆ ವರ್ಕ್‌ಶಾಪ್ ಬಂದ ಮೇಲೆ. ಗೋವಾದವರು, ತಮಿಳರು, ಆಂಗ್ಲೋ ಇಂಡಿಯನ್ನರು ಕೆಲಸಕ್ಕೆ ಬಂದು ಇಲ್ಲೇ ಉಳಿದರು. ಬಲಿಪೂಜೆ ಮುಗಿಸಿ ಬಂದವರ ಕೈಯಲ್ಲಿ ಇನ್ನೂ ಸೇವಂತಿಗೆ ಹೂ, ಮೊಂಬತ್ತಿ ಇದ್ದವು. ಒಬ್ಬ ಅಜ್ಜಿ ದೊಡ್ಡಪ್ಪನ ಪದಕ ನೋಡಿ ಕೈ ಮುಗಿದರು.

ಅಲ್ಲಿಯ ಹಿರಿಯ ಫಾದರ್ ಸೈನ್ಯದಲ್ಲಿದ್ದವರಲ್ಲ. ಆದರೆ ಅವರ ಜೊತೆ ಓದಿದವರೊಬ್ಬರು ಸೈನ್ಯಕ್ಕೆ ಹೋಗಿದ್ದರು. ಚಹಾ ತರಿಸಿ, ಒಳಗಿಂದ ಒಂದು ಪುಟ್ಟ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಹಳ್ಳಿಗಳಿಗೆ ಹೋಗಿ ಮನೆಗಳಲ್ಲಿ ಪೂಜೆ ಮಾಡಲು ಅವರು ಒಯ್ಯುವ ಪೆಟ್ಟಿಗೆ. ಯುದ್ಧಕ್ಕೆ ಹೋಗುವ ಪಾದ್ರಿಯ ಹತ್ತಿರವೂ ಹೆಚ್ಚು ಕಡಿಮೆ ಇಂಥದ್ದೇ ಇರುತ್ತದೆ ಅಂದರು. ಒಂದೊಂದೇ ತೆಗೆದರು. ಗೇಣುದ್ದವೂ ಇಲ್ಲದ ಪಾನಪಾತ್ರೆ. ರೊಟ್ಟಿ ಇಡುವ ಚಿಕ್ಕ ತಟ್ಟೆ. ಮಡಿಸಿದ ಬಿಳಿ ಬಟ್ಟೆ. ಕೊರಳಿಗೆ ಹಾಕಿಕೊಳ್ಳುವ ಪಟ್ಟಿ, ಒಂದು ಬದಿ ಬಿಳಿ, ಇನ್ನೊಂದು ಬದಿ ನೇರಳೆ. ಕೊನೆಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಲೋಹದ ಡಬ್ಬಿ. ಮುಚ್ಚಳ ತಿರುಗಿಸಿ ತೋರಿಸಿದರು. ಒಳಗೆ ಎಣ್ಣೆಯಲ್ಲಿ ನೆನೆದ ಹತ್ತಿ. ಸಾಯುವ ಹಂತದಲ್ಲಿರುವವರ ಹಣೆಗೆ, ಕೈಗೆ ಹಚ್ಚುವ ಎಣ್ಣೆ.

"ಯುದ್ಧದಾಗ ಉಳಿದದ್ದೆಲ್ಲಾ ಕಳದು ಹೋದ್ರೂ ನಡೀತೈತ್ರಿ ಹವಾಲ್ದಾರ್ರ. ಈ ಡಬ್ಬಿ ಒಂದು ಕಿಸೇದಾಗ ಇರಬೇಕು" ಅಂದರು ಫಾದರ್.

ದೊಡ್ಡಪ್ಪ ಡಬ್ಬಿಯನ್ನು ಮುಟ್ಟಲಿಲ್ಲ, ಹತ್ತಿರ ಬಾಗಿ ನೋಡಿದರು. "ಇದನ್ನ ನಮ್ಮ ಸಾಬ್ ಅವತ್ತು ರಾತ್ರಿ ಮೂರು ಮಂದಿಗೆ ಹಚ್ಚಿದ್ರು" ಅಂದರು. ನನಗೆ ಹೇಳಿದ ಕಥೆಯಲ್ಲಿ ಈ ಮೂರು ಮಂದಿ ಇರಲಿಲ್ಲ.

ಸೈನ್ಯದ ಪಾದ್ರಿಗೆ ಇಂಗ್ಲಿಷಿನಲ್ಲಿ ಚಾಪ್ಲಿನ್ ಅನ್ನುತ್ತಾರಲ್ಲ, ಆ ಪದದ ಕಥೆಯನ್ನೂ ಫಾದರ್ ಹೇಳಿದರು. ನಾಲ್ಕನೇ ಶತಮಾನದಲ್ಲಿ ಮಾರ್ಟಿನ್ ಅನ್ನುವ ರೋಮನ್ ಸಿಪಾಯಿ ಇದ್ದ. ಈಗಿನ ಫ್ರಾನ್ಸಿನ ಅಮಿಯೆನ್ಸ್ ಊರಿನ ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು, ಕತ್ತಿಯಿಂದ ತನ್ನ ಮೇಲುಹೊದಿಕೆಯನ್ನು ಸೀಳಿ ಅರ್ಧ ಕೊಟ್ಟ. ಆಮೇಲೆ ಸಂತನಾದ. ಮುಂದೆ ಆ ನಾಡನ್ನು ಆಳಿದ ಫ್ರಾಂಕ್ ರಾಜರು ಆ ಹೊದಿಕೆಯನ್ನು ಯುದ್ಧಕ್ಕೆ ಹೋಗುವಾಗ ಜೊತೆಗೆ ಒಯ್ಯುತ್ತಿದ್ದರು. ಹೊದಿಕೆಗೆ ಲ್ಯಾಟಿನ್ನಿನಲ್ಲಿ ಕಾಪ್ಪಾ. ಅದನ್ನು ಕಾಯುವ ಗುರುಗಳಿಗೆ ಕಾಪ್ಪೆಲ್ಲಾನಿ ಅನ್ನುವ ಹೆಸರು ಬಂತು. ಅದೇ ಮುಂದೆ ಚಾಪ್ಲಿನ್ ಆಯಿತು.

ನಾನು ದೊಡ್ಡಪ್ಪನ ಮುಖ ನೋಡಿದೆ. ಅವರು ಬಹಳ ಹೊತ್ತು ಚಹಾದ ಕಪ್ಪು ಹಿಡಿದುಕೊಂಡೇ ಕೂತಿದ್ದರು. ಆಮೇಲೆ ಕೇಳಿದರು:

"ಆ ಭಿಕ್ಷುಕ ಅರ್ಧ ಕಂಬಳಿ ತಿರುಗಿ ಕೊಟ್ನೇನ್ರೀ?"

ಫಾದರ್ ನಗಲಿಲ್ಲ. "ಅದನ್ನ ಬರದಿಲ್ರೀ" ಅಂದರು.

ಎರಡನೇ ದಿನ: ಸೋಮವಾರ, ಬೆಟದೂರು, ಗದಗ

ಬೆಳಿಗ್ಗೆ ಏಳಕ್ಕೆ ಹೊರಟೆವು. ಕುಂದಗೋಳ ದಾಟಿದ ಮೇಲೆ ಎರಡೂ ಕಡೆ ಎರೆಭೂಮಿ. ಹತ್ತಿ ಒಡೆದಿತ್ತು. ಬೆಟದೂರಿಗೆ ಹೋಗಲೇಬೇಕು ಅಂದಿದ್ದು ದೊಡ್ಡಪ್ಪ. ಅವರದೇ ರೆಜಿಮೆಂಟಿನ ಹುಡುಗನ ಊರು ಅದು.

ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, 19ನೇ ಮದ್ರಾಸ್. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಹತ್ತು ಜನ ಅಡಿಗೆ ಸಿಕ್ಕರು. ಆರು ದಿನ ಕಳೆದ ಮೇಲೆ ಹಿಮ ಅಗೆದಾಗ ಹನುಮಂತಪ್ಪ ಒಬ್ಬರಿಗೇ ಉಸಿರಿತ್ತು. ಫೆಬ್ರವರಿ 11ಕ್ಕೆ ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಅದೂ ನಿಂತಿತು. ಆ ವಾರ ನಮ್ಮ ಕಡೆ ಗುಡಿ, ಮಸೀದಿ, ಚರ್ಚು ಅನ್ನದೆ ಎಲ್ಲ ಕಡೆ ಜನ ಬೇಡಿಕೊಂಡಿದ್ದು ನೆನಪಿದೆ ಅಲ್ವಾ? ನಮ್ಮ ಓಣಿಯಲ್ಲಿ ಮಕ್ಕಳು ಶಾಲೆಗೆ ಹೋಗುವ ಮುಂಚೆ ಟಿವಿ ಮುಂದೆ ನಿಲ್ಲುತ್ತಿದ್ದವು.

ದೊಡ್ಡಪ್ಪ ಹನುಮಂತಪ್ಪನವರ ಸಮಾಧಿಗೆ ಹೂವಿನ ಹಾರ ಹಾಕಿ, ಕೋಲನ್ನು ನನ್ನ ಕೈಗೆ ಕೊಟ್ಟು, ನೆಟ್ಟಗೆ ನಿಂತು ಸಲ್ಯೂಟ್ ಹೊಡೆದರು. ಕೈ ಇಳಿಸುವಾಗ ತುಟಿ ಅಲುಗಿದವು. 'ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು' ಅನ್ನುವುದು ಆ ರೆಜಿಮೆಂಟಿನ ರಣಘೋಷ. ಅದನ್ನು ಪಿಸುಮಾತಿನಲ್ಲಿ ಹೇಳಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಗದಗಿನ ದಾರಿಯಲ್ಲಿ ದೊಡ್ಡಪ್ಪ ಮಾತಿಗೆ ಬಂದರು. ನಮ್ಮ ಸೈನ್ಯದಲ್ಲಿ ಪಂಡಿತರು, ಸಿಖ್ಖರ ಗುರುಗಳಾದ ಗ್ರಂಥಿಗಳು, ಮೌಲ್ವಿಗಳು, ಪಾದ್ರಿಗಳು ಎಲ್ಲರೂ ಒಂದೇ ಹುದ್ದೆಯವರು, ಧರ್ಮ ಶಿಕ್ಷಕರು. ಸೇರುವಾಗಲೇ ನಾಯಿಬ್ ಸುಭೇದಾರ್ ದರ್ಜೆ. ಪಾದ್ರಿಯಾಗಬೇಕಾದರೆ ಗುರುದೀಕ್ಷೆ ಆಗಿರಬೇಕು, ಊರಿನ ಧರ್ಮಾಧ್ಯಕ್ಷರ ಪಟ್ಟಿಯಲ್ಲಿ ಹೆಸರಿರಬೇಕು. ಕೆಲಸ ಬರೀ ಪೂಜೆ ಅಲ್ಲ. ಸತ್ತವರ ಸಂಸ್ಕಾರ, ಆಸ್ಪತ್ರೆಯಲ್ಲಿ ಇರುವವರನ್ನು ಕಾಣುವುದು, ಶಿಕ್ಷೆಗೆ ಒಳಗಾದ ಸಿಪಾಯಿಯನ್ನು ಹೋಗಿ ಮಾತಾಡಿಸುವುದು. ಇದೆಲ್ಲ ಅವರ ಕರ್ತವ್ಯ ಅಂತಲೇ ಬರೆದಿರುತ್ತದೆ. ಎಷ್ಟೋ ಠಾಣೆಗಳಲ್ಲಿ ಒಂದೇ ಸೂರಿನಡಿ ಎಲ್ಲ ದೇವರು, ಅದಕ್ಕೆ ಸರ್ವ ಧರ್ಮ ಸ್ಥಳ ಅಂತ ಹೆಸರು.

"ನಮ್ಮ ಪಂಡಿತ್ ಜೀ ರಜಾಕ ಹೋದ್ರ ಪಾದ್ರಿ ಸಾಬ್ ಬಂದು ಗುಡಿ ದೀಪಕ್ಕ ಎಣ್ಣಿ ಐತೇನು ನೋಡ್ತಿದ್ರು" ಅಂದರು. "ಪೂಜಿ ಮಾಡ್ತಿರಲಿಲ್ಲ. ಎಣ್ಣಿ ಐತೇನು ಅಷ್ಟ ನೋಡ್ತಿದ್ರು."

ಗದಗಿನಲ್ಲಿ ಇಳಿದುಕೊಂಡ ಲಾಡ್ಜಿನಲ್ಲಿ ರಾತ್ರಿ ನಲ್ಲಿ ನೀರು ಬರಲಿಲ್ಲ. ದೊಡ್ಡಪ್ಪ ತಾವೇ ಕೆಳಗಿಂದ ಬಕೆಟ್ ತಂದರು, ನನಗೆ ತರಲು ಬಿಡಲಿಲ್ಲ. ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ.

ಊಟ ಆದ ಮೇಲೆ ನನ್ನ ಚೀಲದಲ್ಲಿದ್ದ ಟಿಪ್ಪಣಿ ಪುಸ್ತಕ ತೆಗೆದೆ. ಗ್ರಂಥಾಲಯದಲ್ಲಿ ಕೆಲಸ ಮಾಡುವ ನಾನು ಒಂದು ವರ್ಷದಿಂದ ಸೈನ್ಯದ ಪಾದ್ರಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ದೊಡ್ಡಪ್ಪನಿಗೆ ಒಬ್ಬರ ಕಥೆ ಹೇಳಲೇಬೇಕಿತ್ತು.

ಎಮಿಲ್ ಕಪೌನ್. ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಿಲ್ಸೆನ್ ಅನ್ನುವ ಸಣ್ಣ ಊರಿನ ರೈತನ ಮಗ, 1916ರಲ್ಲಿ ಹುಟ್ಟಿದವರು. 1945-46ರಲ್ಲಿ ಅವರು ನಮ್ಮ ಭಾರತದಲ್ಲೂ ಬರ್ಮಾದಲ್ಲೂ ಇದ್ದರು. ಸೈನಿಕರನ್ನು ಕಾಣಲು ಜೀಪಿನಲ್ಲಿ, ವಿಮಾನದಲ್ಲಿ ತಿಂಗಳಿಗೆ ಮೂರು ಸಾವಿರ ಕಿಲೋಮೀಟರಿನಷ್ಟು ಓಡಾಡುತ್ತಿದ್ದರು. 1950ರಲ್ಲಿ ಕೊರಿಯಾ ಯುದ್ಧ. ಅಲ್ಲಿ ಜೀಪಿನ ಬಾನೆಟ್ಟೇ ಪೂಜೆಯ ವೇದಿಕೆ. ಜೀಪು ಕಳೆದುಕೊಂಡಾಗ ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು. ಬಾಯಲ್ಲಿದ್ದ ಪೈಪನ್ನು ಒಂದು ಗುಂಡು ಹಾರಿಸಿಕೊಂಡು ಹೋಗಿತ್ತು.

1950ರ ನವೆಂಬರ್ 2ರಂದು, ಅದೇ ಸಕಲ ಮೃತರ ದಿನ, ಉನ್ಸಾನ್ ಎಂಬಲ್ಲಿ ಚೀನಾದ ಸೈನ್ಯ ಅವರ ತುಕಡಿಯನ್ನು ಸುತ್ತುವರಿಯಿತು. ನಿನ್ನೆಗೆ ಸರಿಯಾಗಿ 75 ವರ್ಷ. ತಪ್ಪಿಸಿಕೊಳ್ಳಲು ದಾರಿ ಇತ್ತು. ಕಪೌನ್ ಗಾಯಾಳುಗಳ ಜೊತೆ ಉಳಿದರು. ಸೆರೆಯಾಗಿ ನಡೆಯುವಾಗ ಹರ್ಬರ್ಟ್ ಮಿಲ್ಲರ್ ಅನ್ನುವ ಸಾರ್ಜೆಂಟ್ ಕಾಲು ಮುರಿದು ಗುಂಡಿಯಲ್ಲಿ ಬಿದ್ದಿದ್ದ, ಶತ್ರು ಸಿಪಾಯಿ ಅವನ ತಲೆಗೆ ಬಂದೂಕು ಹಿಡಿದಿದ್ದ. ಕಪೌನ್ ನೇರ ನಡೆದು ಹೋಗಿ ಬಂದೂಕನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. ಮಿಲ್ಲರನನ್ನು ಎತ್ತಿಕೊಂಡು ನಡೆದರು. ಆ ಸಿಪಾಯಿ ಗುಂಡು ಹಾರಿಸಲಿಲ್ಲ.

"ಯಾಕ ಹಾರಸಲಿಲ್ಲ?" ಅಂದರು ದೊಡ್ಡಪ್ಪ.

ಗೊತ್ತಿಲ್ಲ ಅಂದೆ. ಅವರು ತಲೆ ಆಡಿಸಿದರು, ಅವರಿಗೆ ಗೊತ್ತಿದ್ದ ಹಾಗೆ.

1949ರ ಜಿನೀವಾ ಒಪ್ಪಂದದ ಪ್ರಕಾರ ಪಾದ್ರಿಯನ್ನು ಯುದ್ಧಕೈದಿ ಅಂತ ಎಣಿಸುವ ಹಾಗಿಲ್ಲ. ಸೆರೆಯವರ ಸೇವೆಗೆ ಅಂತ ಇಟ್ಟುಕೊಂಡರೂ ಅವರ ಕೆಲಸಕ್ಕೆ ಅಡ್ಡಿ ಮಾಡಬಾರದು. ಕಪೌನ್‌ರನ್ನು ಸೆರೆ ಇಟ್ಟಿದ್ದ ಪ್ಯೊಕ್‌ಟಾಂಗ್‌ನ ಶಿಬಿರದಲ್ಲಿ ಇದ್ಯಾವುದೂ ನಡೆಯಲಿಲ್ಲ. ಪ್ರಾರ್ಥನೆಗೆ ನಿಷೇಧ. ಕಪೌನ್ ರಾತ್ರಿ ಗುಡಿಸಲಿಂದ ಗುಡಿಸಲಿಗೆ ಕಳ್ಳ ಹೆಜ್ಜೆಯಲ್ಲಿ ಹೋಗುತ್ತಿದ್ದರು. ಹಸಿದವರಿಗಾಗಿ ಕಾಳು ಕದಿಯುತ್ತಿದ್ದರು, ಕದಿಯುವ ಮುಂಚೆ ಯೇಸುವಿನ ಪಕ್ಕದ ಶಿಲುಬೆಯಲ್ಲಿ ಸತ್ತ ಒಳ್ಳೆಯ ಕಳ್ಳ ದಿಸ್ಮಾಸನನ್ನು ಬೇಡಿಕೊಳ್ಳುತ್ತಿದ್ದರು. ತಗಡು ತಟ್ಟಿ ಪಾತ್ರೆ ಮಾಡಿ ನೀರು ಕಾಯಿಸುತ್ತಿದ್ದರು. ಆಮಶಂಕೆ ಹತ್ತಿದವರ ಬಟ್ಟೆ ತೊಳೆಯುತ್ತಿದ್ದರು. ತಮ್ಮ ಕೈಗಡಿಯಾರ ಕೊಟ್ಟು ಒಂದು ಕಂಬಳಿ ತೆಗೆದುಕೊಂಡರು. ಅದನ್ನು ಹೊದೆಯಲಿಲ್ಲ. ಕತ್ತರಿಸಿ, ಕಾಲು ಮರಗಟ್ಟಿದವರಿಗೆ ಕಾಲುಚೀಲ ಮಾಡಿಕೊಟ್ಟರು.

ಕಂಬಳಿಯ ಮಾತು ಬಂದಾಗ ದೊಡ್ಡಪ್ಪ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಆ ಸಾಲನ್ನು ತಾವೇ ಓದಿದರು.

1951ರ ಮೇ 23ರಂದು ಕಪೌನ್ ಆ ಶಿಬಿರದಲ್ಲೇ ತೀರಿಕೊಂಡರು. ಮೂವತ್ತೈದು ವರ್ಷ. 2013ರಲ್ಲಿ ಅಮೆರಿಕ ತನ್ನ ಅತಿ ದೊಡ್ಡ ಶೌರ್ಯ ಪದಕ ಕೊಟ್ಟಿತು, ಆ ದಿನ ಮುದುಕ ಮಿಲ್ಲರ್ ಎದುರಿಗೆ ಕೂತಿದ್ದರು. 2021ರಲ್ಲಿ ಹವಾಯಿಯ ಅನಾಮಿಕ ಸಮಾಧಿಗಳಲ್ಲಿ ಅವರ ಎಲುಬು ಗುರುತು ಸಿಕ್ಕಿ ಊರಿಗೆ ಬಂತು. ಈಗ ಅವರನ್ನು ಸಂತರನ್ನಾಗಿ ಮಾಡುವ ವಿಚಾರ ನಡೆದಿದೆ.

ದೀಪ ಆರಿಸಿದ ಮೇಲೆ ದೊಡ್ಡಪ್ಪ ಕತ್ತಲಲ್ಲಿ ಅಂದರು, "ಅವರ ಹೆಸರರ ಗೊತ್ತಾತು."

ಮೂರನೇ ದಿನ: ಮಂಗಳವಾರ, ಗದಗದಿಂದ ಹಾನಗಲ್

ಬೆಟಗೇರಿಯಲ್ಲಿ ಅರ್ಧ ಗಂಟೆ ನಿಂತೆವು. ಇಲ್ಲಿದ್ದ ಮಿಷನರಿಗಳು ಕಥೋಲಿಕರಲ್ಲ, ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟರು. ಆದರೂ ಯುದ್ಧ ಅವರನ್ನು ಬಿಡಲಿಲ್ಲ. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಶತ್ರುಗಳು ಅಂತ ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಹಾಕಿದರು. ಜ್ವರಕ್ಕೆ ಔಷಧಿ ಕೊಡುತ್ತಿದ್ದವರು, ಮಕ್ಕಳಿಗೆ ಓದು ಕಲಿಸುತ್ತಿದ್ದವರು ಒಂದೇ ಆದೇಶಕ್ಕೆ ಶತ್ರುಗಳಾದರು.

ಲಕ್ಷ್ಮೇಶ್ವರ ದಾಟಿ ಸವಣೂರಿನ ಕಡೆ ಹೋಗುವಾಗ ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಗಲು ಹಾಕಿದ್ದರು. ಗಾಡಿ ನಿಧಾನ. ಮನಸ್ಸಿನಲ್ಲಿದ್ದ ಒಂದು ಮುಳ್ಳನ್ನು ಹೊರಗೆ ತೆಗೆದೆ.

"ದೊಡ್ಡಪ್ಪ, ಪಾದ್ರಿ ಪಗಾರ ತಗೊಳ್ಳೋದು ಸೈನ್ಯದಿಂದ. ಪ್ರೀತಿ ಮಾಡು ಅನ್ನೋ ದೇವರ ಹೆಸರು ಹೇಳಿ, ಕೊಲ್ಲೋಕೆ ಹೋಗುವವರಿಗೆ ಆಶೀರ್ವಾದ ಮಾಡಿದ್ರೆ ಅದು ಸರಿಯಾ?"

ಇದು ನನ್ನ ಸ್ವಂತ ಪ್ರಶ್ನೆ ಮಾತ್ರ ಅಲ್ಲ. ಕಥೋಲಿಕ ಪಾದ್ರಿಯೊಬ್ಬರ ಜೀವನವನ್ನೇ ಸುಟ್ಟ ಪ್ರಶ್ನೆ. 1945ರಲ್ಲಿ ಟಿನಿಯನ್ ದ್ವೀಪದಲ್ಲಿ ಅಮೆರಿಕದ ವಿಮಾನಪಡೆಯ ಪಾದ್ರಿಯಾಗಿದ್ದವರು ಜಾರ್ಜ್ ಜಬೆಲ್ಕಾ. ಹಿರೋಶಿಮಾ, ನಾಗಸಾಕಿಗೆ ಅಣುಬಾಂಬ್ ಒಯ್ದ ವಿಮಾನಗಳು ಎದ್ದದ್ದು ಆ ದ್ವೀಪದಿಂದಲೇ. ಅಲ್ಲಿಯ ವೈಮಾನಿಕರಿಗೆ ಬಲಿಪೂಜೆ ಅರ್ಪಿಸಿದ್ದು, ಅವರ ಪಾಪನಿವೇದನೆ ಕೇಳಿದ್ದು ಇವರು. ನಾಗಸಾಕಿಯ ಉರಕಾಮಿ ಜಪಾನಿನ ಕಥೋಲಿಕರ ದೊಡ್ಡ ನೆಲೆ. ಅಲ್ಲಿಯ ಚರ್ಚು ಆಗಸ್ಟ್ 9ರಂದು ಪುಡಿಯಾಯಿತು. ಊರಿನ ಜನರನ್ನು ಕೊಲ್ಲುವುದು ತಪ್ಪು ಅಂತ ತಾನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲವಲ್ಲ ಅನ್ನುವ ನೋವು ಜಬೆಲ್ಕಾರನ್ನು ಬಿಡಲಿಲ್ಲ. ಮುಂದೆ ಅವರು ಯುದ್ಧವನ್ನೇ ವಿರೋಧಿಸಿದರು, ತಮ್ಮದು ತಪ್ಪಾಯಿತು ಅಂತ ಎಲ್ಲರ ಮುಂದೆ ಹೇಳಿಕೊಂಡರು. ಕಪೌನ್‌ರನ್ನು ಗೌರವಿಸುವ ನಾನು ಇವರನ್ನೂ ಅಷ್ಟೇ ಗೌರವಿಸುತ್ತೇನೆ. ಮೌನವಾಗಿದ್ದೆ ಅಂತ ಒಪ್ಪಿಕೊಳ್ಳುವುದಕ್ಕೂ ಎದೆ ಬೇಕು.

ದೊಡ್ಡಪ್ಪ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಸವಣೂರು ಬರುವ ತನಕ ಮಾತಿಲ್ಲ. ಆಮೇಲೆ ಹೇಳಿದರು:

"ದಸರಾಕ ನಾವೂ ಬಂದೂಕಕ್ಕ ಕುಂಕುಮ ಹಚ್ಚತಿದ್ವಿ. ಅದರ ಪಾಪ ಪುಣ್ಯ ನನಗ ತಿಳಿಯಂಗಿಲ್ಲ. ಆದ್ರ ಅವತ್ತು ರಾತ್ರಿ ಸಾಬ್ ಬಂದಾಗ ನನ್ನ ಬಂದೂಕ ಎಲ್ಲೋ ಬಿದ್ದಿತ್ತು. ಅವರ ಹಂತೇಕೂ ಇರಲಿಲ್ಲ. ಇಬ್ರೂ ಬರೇ ಕೈಲೆ ಇದ್ವಿ."

ಹಾನಗಲ್ ಮುಟ್ಟಿದಾಗ ಮಧ್ಯಾಹ್ನ ಮೂರು. ಕದಂಬರ ಪಾನುಂಗಲ್ಲು ಇದು. ತಾರಕೇಶ್ವರ ಗುಡಿಯ ಒಳಗಿನ ಕಮಲದ ಛತ್ತು ನೋಡಲು ಜನ ಬರುತ್ತಾರೆ. ನಾವು ಬಂದದ್ದು ಆವರಣದಲ್ಲಿ ನಿಲ್ಲಿಸಿರುವ ವೀರಗಲ್ಲುಗಳಿಗೆ.

ನೀವೂ ನೋಡಿರುತ್ತೀರಿ. ಹಾವೇರಿ, ಗದಗ ಜಿಲ್ಲೆಯಲ್ಲಿ ವೀರಗಲ್ಲು ಇಲ್ಲದ ಊರು ಹುಡುಕುವುದೇ ಕಷ್ಟ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಯುದ್ಧ: ಕುದುರೆ, ಬಿಲ್ಲು, ಕಡಿದು ಬಿದ್ದವರು. ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು. ಮೇಲೆ ಕೈಲಾಸ: ಶಿವಲಿಂಗ, ಅದರ ಒಂದು ಬದಿಗೆ ಕೈ ಮುಗಿದು ಕೂತ ವೀರ, ಇನ್ನೊಂದು ಬದಿಗೆ ಪೂಜೆ ಮಾಡುತ್ತಿರುವ ಗುರು.

ಆ ಗುರುವನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಗಮನಿಸಿರಲಿಲ್ಲ. ಒಂದು ಕಲ್ಲಿನ ಹತ್ತಿರ ಹೋಗಿ ನಿಂತೆ. ಮಳೆಗೆ ಗುರುವಿನ ಮುಖ ಸವೆದಿದೆ. ಕೈ ಮಾತ್ರ ಉಳಿದಿದೆ, ಲಿಂಗದ ಕಡೆ ಚಾಚಿದ ಕೈ. ಅಂದರೆ ನಮ್ಮ ಜನ ಎಂಟುನೂರು, ಒಂಬೈನೂರು ವರ್ಷದ ಹಿಂದೆಯೂ ಸತ್ತ ಸಿಪಾಯಿಯ ಪಕ್ಕ ಒಬ್ಬ ಗುರು ಇರಲಿ ಅಂದುಕೊಂಡಿದ್ದರು. ಅವನೊಬ್ಬನೇ ಇರಬಾರದು ಅಂದುಕೊಂಡಿದ್ದರು.

ಆದರೆ ಗುರು ಇರುವುದು ಮೇಲೆ. ಸಾವು ಮುಗಿದ ಮೇಲೆ. ಕೆಳಗಿನ ಪಟ್ಟಿಕೆಯಲ್ಲಿ, ಕುದುರೆ ಕಾಲಿನ ಅಡಿ ಬಿದ್ದವನ ಹತ್ತಿರ, ಯಾರೂ ಇಲ್ಲ. ಕಪೌನ್ ಮಾಡಿದ್ದು, ದೊಡ್ಡಪ್ಪನ ಪಾದ್ರಿ ಸಾಬ್ ಮಾಡಿದ್ದು ಇದನ್ನೇ. ಅವರು ಕೆಳಗಿನ ಪಟ್ಟಿಕೆಗೆ ಇಳಿದು ಬಂದರು. ವಿಯೆಟ್ನಾಂನಲ್ಲಿ 1967ರ ಸೆಪ್ಟೆಂಬರ್ 4ರಂದು ವಿನ್ಸೆಂಟ್ ಕಪೊಡಾನೊ ಅನ್ನುವ ಪಾದ್ರಿಯ ಕೈಕಾಲಿಗೆ ಗಾಯವಾಗಿತ್ತು, ಹಿಂದಕ್ಕೆ ಹೋಗು ಅಂದರು, ಹೋಗಲಿಲ್ಲ. ಮಶಿನ್‌ಗನ್ನಿನ ಎದುರಿಗೆ ಬಿದ್ದಿದ್ದ ಸೈನಿಕ ಶುಶ್ರೂಷಕನ ಕಡೆ ಓಡಿ ಅಲ್ಲೇ ಸತ್ತರು. 1917ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಕೆಸರಿನಲ್ಲಿ ಐರ್ಲೆಂಡಿನ ಜೆಸ್ವಿತ್ ಪಾದ್ರಿ ವಿಲ್ಲಿ ಡಾಯ್ಲ್ ಗಾಯಾಳುಗಳ ಹುಡುಕಾಟದಲ್ಲೇ ಹೋದರು, ದೇಹವೂ ಸಿಗಲಿಲ್ಲ.

ಇದನ್ನೆಲ್ಲ ನಾನು ಹೇಳುತ್ತಿದ್ದರೆ ದೊಡ್ಡಪ್ಪ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು, ಆ ಕಾಲಿನಲ್ಲಿ ಕೂರುವುದು ಅವರಿಗೆ ಬಹಳ ಕಷ್ಟ. ಕೆಳಗಿನ ಪಟ್ಟಿಕೆಯಲ್ಲಿ ಬಿದ್ದಿದ್ದ ಒಬ್ಬ ಸಣ್ಣ ಮನುಷ್ಯನ ಮೇಲೆ ಬೆರಳಿಟ್ಟಿದ್ದರು. ಬೆರಳಿಗಿಂತ ಸ್ವಲ್ಪ ದೊಡ್ಡ ಆಕೃತಿ. ಯಾವ ಕಡೆಯವನೋ ಗೊತ್ತಾಗುವುದಿಲ್ಲ.

ರಾತ್ರಿ ಹಾವೇರಿಯಲ್ಲಿ ಉಳಿದೆವು.

ನಾಲ್ಕನೇ ದಿನ: ಬುಧವಾರ, ಮೆಡ್ಲೇರಿ, ಮತ್ತೆ ಹುಬ್ಬಳ್ಳಿ

ಗೌರಿ ಹುಣ್ಣಿಮೆ. ಹಾವೇರಿಯ ಅಂಗಡಿಗಳಲ್ಲಿ ಸಕ್ಕರೆ ಆರತಿಗೆ ಬಣ್ಣ ಬಣ್ಣದ ಗೊಂಬೆಗಳು. ಮನೆಯ ಹುಡುಗಿಯರಿಗೆ ಅಂತ ಒಂದು ಕಿಲೋ ಕಟ್ಟಿಸಿಕೊಂಡು ರಾಣೆಬೆನ್ನೂರಿನ ದಾರಿ ಹಿಡಿದೆವು. ಅಲ್ಲಿಂದ ಮೆಡ್ಲೇರಿ. ಕುರಿ, ಉಣ್ಣೆ, ಕಂಬಳಿಯ ಊರು.

ನೇಕಾರರ ಮನೆ ಹುಡುಕಬೇಕಾಗಲಿಲ್ಲ, ವಾಸನೆಯೇ ದಾರಿ ತೋರಿಸಿತು. ಹಸಿ ಉಣ್ಣೆಯ ವಾಸನೆ, ಅದರ ಜೊತೆ ಹುಣಸೆ ಬೀಜದ ಗಂಜಿಯ ವಾಸನೆ. ಕಟ್ಟೆ ಮೇಲೆ ಒಬ್ಬ ಅವ್ವ ನೂಲುತ್ತಿದ್ದರು. ಕುರಿಯ ಕೂದಲು ಕತ್ತರಿಸಿ, ಹಿಂಜಿ, ನೂತು, ಹಾಸು ಎಳೆಗೆ ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಬಿಗಿಯುತ್ತಾರೆ. ಆಮೇಲೆ ಕುಣಿಮಗ್ಗದ ಮೇಲೆ ನೇಯ್ಗೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರರು ಲಾಳಿ ನಿಲ್ಲಿಸಿ ನಮ್ಮ ಕಡೆ ನೋಡಿದರು.

"ಎಂಥಾದ್ ಬೇಕ್ರೀ ಅಜ್ಜಾರ?"

"ಮಿಲಿಟರಿ ಮನಷ್ಯಾಗ ಹೊಚ್ಚೂವಂಥಾದ್ದು."

"ಬಣ್ಣದ ಅಂಚಿನದು?"

"ಬ್ಯಾಡ. ಕರೇದು ಸಾಕು."

ನಾಲ್ಕು ಕಂಬಳಿ ಬಿಚ್ಚಿ ಹಾಕಿದರು. ದೊಡ್ಡಪ್ಪ ಒಂದೊಂದನ್ನೂ ಮುಖಕ್ಕೆ ಹಿಡಿದು ಮೂಸಿದರು. ಅಂಗೈಯಲ್ಲಿ ತಿಕ್ಕಿದರು. ಮೂರನೆಯದನ್ನು ಹೆಗಲ ಮೇಲೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಬಿಸಿಲು ಜೋರಾಗಿತ್ತು, ಬೆವರುತ್ತಿದ್ದರು, ತೆಗೆಯಲಿಲ್ಲ. ನೂಲುತ್ತಿದ್ದ ಅವ್ವ ಕದಿರು ನಿಲ್ಲಿಸಿ ನೋಡಿದರು. ಹೊಸ ಕಂಬಳಿ ಚುಚ್ಚುತ್ತದೆ, ಎರಡು ವರ್ಷ ಹೊದ್ದ ಮೇಲೆ ಮೆತ್ತಗಾಗುತ್ತದೆ ಅಂದರು. "ಗೊತ್ತೈತಿ ಯವ್ವಾ" ಅಂದರು ದೊಡ್ಡಪ್ಪ. ಚೌಕಾಶಿ ಮಾಡದೆ ಕೇಳಿದಷ್ಟು ದುಡ್ಡು ಎಣಿಸಿ ಕೊಟ್ಟರು.

ಹುಬ್ಬಳ್ಳಿಗೆ ಬಂದಾಗ ರಾತ್ರಿ ಎಂಟು. ಕಂಬಳಿ ಇಡೀ ದಾರಿ ದೊಡ್ಡಪ್ಪನ ತೊಡೆ ಮೇಲೇ ಇತ್ತು. ಫಾದರ್ ಹೊರಗೆ ಬಂದರು. ದೊಡ್ಡಪ್ಪ ಭಾಷಣ ಏನೂ ಮಾಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು.

"ನಮ್ಮ ಸಾಬ್ ಎಲ್ಲಿದಾರೋ ಗೊತ್ತಿಲ್ರೀ. ಇದು ಅವರದು. ನೀವು ತಗೋರಿ."

ಫಾದರ್ ತೆಗೆದುಕೊಂಡರು. ಬೇಡ ಅನ್ನಲಿಲ್ಲ, ಅದಕ್ಕೆ ನಾನು ಅವರಿಗೆ ಯಾವತ್ತೂ ಕೃತಜ್ಞಳು. ಕಂಬಳಿಯನ್ನು ಹಣೆಗೆ ಮುಟ್ಟಿಸಿಕೊಂಡರು. ಆಮೇಲೆ ಕೇಳಿದರು, "ಇದು ನನ್ನ ಹಂತೇಕ ಕಪಾಟಿನಾಗ ಇರೋದು ಬ್ಯಾಡ. ಯಾರರ ಹೊಚ್ಚಿಕೊಂಡ್ರ ನಡೀತೈತ್ರಿಲ್ಲೋ ಹವಾಲ್ದಾರ್ರ?"

"ಅದಕ್ಕ ತಂದೀನ್ರೀ."

ಚರ್ಚಿನ ರಾತ್ರಿ ಕಾವಲುಗಾರ ಗೇಟಿನ ಹತ್ತಿರ ಕುರ್ಚಿ ಹಾಕಿಕೊಳ್ಳುತ್ತಿದ್ದ. ಫಾದರ್ ಅವನನ್ನು ಕರೆದರು. ಅವನು ಕಂಬಳಿ ಬಿಚ್ಚಿ, ಒಂದು ತುದಿಯನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಕೆಳಗೆ ಎಷ್ಟು ಬರುತ್ತದೆ ಅಂತ ಬಾಗಿ ನೋಡಿದ.

"ಕಾಲು ಮುಚ್ಚತೈತ್ರಿ" ಅಂದ.